ಅಷ್ಟು ಜನ ಬೀದಿಗಿಳಿದರೂ ಇರಾಕ್ ಯುದ್ಧ ನಿಲ್ಲಲಿಲ್ಲ, ಚಳವಳಿಯಿಂದ ಏನು ಉಪಯೋಗ ಆಯ್ತು?

ನಿಮ್ಮ ಪ್ರಶ್ನೆಯಲ್ಲಿ ಬೇಸರ ಕಾಣುತ್ತದೆ, ಅದು ನ್ಯಾಯವೇ. 2003ರಲ್ಲಿ ಲಂಡನ್ ತುಂಬ ಜನ ಸೇರಿ ವಿರೋಧಿಸಿದರೂ ಆಗಿನ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಯುದ್ಧಕ್ಕೆ ಹೋದರು. ಆದರೆ ಆ ಚಳವಳಿಯ ಫಲ ಸಿಕ್ಕಿದ್ದು ಹತ್ತು ವರ್ಷ ಆದ ಮೇಲೆ ಅಂತ ನಾನು ನಂಬುತ್ತೇನೆ.

ಬ್ರಿಟನ್ನಿನಲ್ಲಿ ಸೈನ್ಯ ಕಳಿಸಲು ಪ್ರಧಾನಿ ಸಂಸತ್ತನ್ನು ಕೇಳಲೇಬೇಕು ಅಂತ ಕಾನೂನಿಲ್ಲ. ಅದು ರಾಜ ಅಥವಾ ರಾಣಿಯ ಹೆಸರಿನಲ್ಲಿ ಸರ್ಕಾರ ಬಳಸುವ ಹಳೇ ಅಧಿಕಾರ. ಫೆಬ್ರವರಿ 15ರ ಮೆರವಣಿಗೆಗೆ ಪೊಲೀಸರ ಲೆಕ್ಕದಲ್ಲೇ ಏಳೂವರೆ ಲಕ್ಷ ಜನ ಬಂದಿದ್ದರು. ಬ್ಲೇರ್ ಅವರ ಲೇಬರ್ ಪಕ್ಷದ ಒಳಗೂ ಸಿಟ್ಟು ಕುದಿಯುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಸಂಸತ್ತನ್ನು ಕೇಳದೆ ಹೋಗುವುದು ಅವರಿಗೆ ಕಷ್ಟವಾಯಿತು. ಮಾರ್ಚ್ 17ರಂದು ಬ್ಲೇರ್ ಅವರ ಸಚಿವ ರಾಬಿನ್ ಕುಕ್ ಯುದ್ಧ ವಿರೋಧಿಸಿ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಮಾರನೇ ದಿನದ ಮತದಾನದಲ್ಲಿ ಲೇಬರ್‌ನ 139 ಸಂಸದರು ತಮ್ಮದೇ ಸರ್ಕಾರದ ವಿರುದ್ಧ ನಿಂತರು. ಬ್ಲೇರ್ ಗೆದ್ದರು. ಆದರೆ ಯುದ್ಧಕ್ಕೆ ಮುಂಚೆ ಸಂಸತ್ತಿನ ಒಪ್ಪಿಗೆ ಪಡೆಯುವ ರೂಢಿ ಬೆಳೆದದ್ದು ಅಲ್ಲಿಂದಲೇ.

2013ರ ಆಗಸ್ಟ್‌ನಲ್ಲಿ ಆಗಿನ ಪ್ರಧಾನಿ ಕ್ಯಾಮರೂನ್ ಸಿರಿಯಾ ಮೇಲಿನ ದಾಳಿಗೆ ಒಪ್ಪಿಗೆ ಕೇಳಿದರು. 285–272 ಮತಗಳಿಂದ ಸೋತರು, ದಾಳಿಯ ಯೋಚನೆ ಕೈಬಿಟ್ಟರು. ಇರಾಕ್ ಹತ್ತಿರ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಅನ್ನುವ ಮಾತು ನಂಬಿ ಮೋಸ ಹೋದ ನೆನಪು ಇಲ್ಲದಿದ್ದರೆ ಆ ಸೋಲು ಆಗುತ್ತಲೇ ಇರಲಿಲ್ಲ. ಇದು ಸಣ್ಣ ಗೆಲುವಲ್ಲ. ಹಾಗಂತ ಆ ರೂಢಿ ಗಟ್ಟಿಯಾಗಿಯೂ ಇಲ್ಲ. 2018ರಲ್ಲಿ ಪ್ರಧಾನಿಯಾಗಿದ್ದ ಥೆರೆಸಾ ಮೇ ಮತಕ್ಕೆ ಹಾಕದೆಯೇ ಸಿರಿಯಾ ಮೇಲಿನ ದಾಳಿಗೆ ಸೇರಿದರು. ಇದಕ್ಕೊಂದು ಕಾನೂನು ಬೇಕೇ ಬೇಕು ಅನ್ನುವವನು ನಾನು.

ಪಕ್ಷಗಳ ಮೇಲೂ ಪರಿಣಾಮ ಆಯಿತು. ಯುದ್ಧ ವಿರೋಧಿಸಿದ ಲಿಬರಲ್ ಡೆಮಾಕ್ರಾಟರು 2005ರಲ್ಲಿ 62 ಸೀಟು ಗೆದ್ದರು. ಯುದ್ಧ ವಿರೋಧಿ ‘ಸ್ಟಾಪ್ ದ ವಾರ್’ ಒಕ್ಕೂಟದ ಅಧ್ಯಕ್ಷರಾಗಿದ್ದ ಜೆರೆಮಿ ಕಾರ್ಬಿನ್ 2015ರಲ್ಲಿ ಲೇಬರ್ ನಾಯಕರೇ ಆದರು. ಅದಕ್ಕೆ ಸರ್ಕಾರದ ಖರ್ಚು ಕಡಿತದ ಮೇಲಿನ ಕೋಪವೂ ಕಾರಣ, ಬರೀ ಯುದ್ಧವಲ್ಲ. ಆದರೂ ಇರಾಕ್ ವಿಷಯದಲ್ಲಿ ಅವರು ಅಂದೇ ಸರಿಯಾಗಿ ಹೇಳಿದ್ದರು ಅನ್ನುವುದು ಜನರ ನಂಬಿಕೆ ಗಳಿಸಿಕೊಟ್ಟಿತು, ಅಲ್ವಾ?

2024ರಲ್ಲಿ ಗಾಜಾ ಯುದ್ಧದ ವಿರೋಧ ಇದೇ ಕೆಲಸ ಮಾಡಿತು. ಲೇಬರ್ ಭಾರಿ ಬಹುಮತ ಪಡೆದ ಚುನಾವಣೆಯಲ್ಲೇ, ಗಾಜಾ ಬಗ್ಗೆ ದನಿ ಎತ್ತಿದ ಐವರು ಪಕ್ಷೇತರರು ಗೆದ್ದರು. ಅಷ್ಟರಲ್ಲಿ ಲೇಬರ್‌ನಿಂದ ಹೊರಗಿದ್ದ ಕಾರ್ಬಿನ್ ಅವರಲ್ಲೊಬ್ಬರು. ಲೆಸ್ಟರ್ ಸೌತ್‌ನಲ್ಲಿ ಲೇಬರ್‌ನ ದೊಡ್ಡ ನಾಯಕ ಜೊನಾಥನ್ ಆಶ್ವರ್ತ್ ಅವರೇ ಸೋತರು.