ಆಫೀಸಿನ ಕೆಲಸದಲ್ಲಿ ಕ್ರೈಸ್ತ ನಂಬಿಕೆಯನ್ನು ಬದುಕುವುದು ಹೇಗೆ?

ಸಹೋದ್ಯೋಗಿಗಳಿಗೆ ಬೈಬಲ್ ವಚನ ಹೇಳುವ ಮೊದಲು ಕೈಯಲ್ಲಿರುವ ಕೆಲಸವನ್ನೇ ನೋಡಿ. ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲ ಗ್ರೀಸಿನ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡಿ ಹೊಟ್ಟೆ ಹೊರೆದವನು. ಯಾವ ಕೆಲಸವನ್ನಾದರೂ ಕರ್ತನಿಗೆಂದೇ, ಅಂದರೆ ಯೇಸುವಿಗೆಂದೇ, ಮನಸಾರೆ ಮಾಡಿ ಎನ್ನುತ್ತದೆ ಬೈಬಲಿನಲ್ಲಿರುವ, ಕೊಲೊಸ್ಸೆಯವರಿಗೆ ಬರೆದ ಪತ್ರ (3:23). ಆ ಮಾತು ದಾಸರಿಗೆ ಹೇಳಿದ್ದು ಎಂಬುದನ್ನು ಮರೆಯಬಾರದು. ಅದರ ಬೆನ್ನಲ್ಲೇ 4:1ರಲ್ಲಿ ಧಣಿಗಳಿಗೂ ನ್ಯಾಯವಾಗಿ ನಡೆದುಕೊಳ್ಳಿ ಎಂದಿದೆ.

ಹಾಗಾಗಿ ನಿಮ್ಮ ಕೈಕೆಳಗೆ ಜನರಿದ್ದರೆ, ತಿಂಗಳ ಸಂಬಳ ತಡಮಾಡದೆ ಕೊಡುವುದೂ ಆರಾಧನೆಯೇ. ಲೆಕ್ಕ ಬರೆಯುವವರಾಗಿದ್ದರೆ, ಸಾಹೇಬರು ಸುಳ್ಳು ಬಿಲ್ ಸೇರಿಸಿ ಎಂದಾಗ "ಇದು ನನ್ನಿಂದ ಆಗಲ್ಲ ಸರ್" ಎನ್ನಬೇಕಾಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು ಇದೇ, ಕೆಲಸವೇ ಹೋದೀತು. ಚರ್ಚಿನ ಸಭೆ ಬೆನ್ನಿಗೆ ನಿಲ್ಲಬೇಕಾದದ್ದು ಅಂಥ ಹೊತ್ತಿನಲ್ಲಿ. ನಂಬಿಕಸ್ಥರೊಬ್ಬರಿಗೆ ಮೊದಲೇ ವಿಷಯ ತಿಳಿಸಿ, ಜೊತೆಗೂಡಿ ಪ್ರಾರ್ಥಿಸಿ.