ರೇಸ್ ಇಳಿಯದ ಚೈನ್ ಸಾ: ಸ್ಕ್ರೂ ತಿರುಗಿಸುವ ಮೊದಲು

ಪ್ರಶ್ನೆ: ತೋಟದಲ್ಲಿ ಸಿಲ್ವರ್ ಓಕ್ ಕೊಯ್ಯಲು 50 ಸಿಸಿಯ ಚೈನ್ ಸಾ ಇಟ್ಟುಕೊಂಡಿದ್ದೇವೆ. ಮಳೆಗಾಲ ಕಳೆದು ಹೊರತೆಗೆದಾಗಿನಿಂದ ಐಡ್ಲಿಂಗ್ ನಿಲ್ಲುತ್ತಿಲ್ಲ, ಆಫ್ ಆಗುತ್ತದೆ. ಐಡ್ಲಿಂಗ್ ಸ್ಕ್ರೂ ಬಿಗಿ ಮಾಡಿದರೆ ತನ್ನಷ್ಟಕ್ಕೇ ರೇಸ್ ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಳಿಯುವುದಿಲ್ಲ. ಹೊಸ ಕಾರ್ಬ್ಯುರೇಟರ್ ಹಾಕಿದರೂ ಅದೇ ಕಥೆ. ಏನು ಮಾಡಬೇಕು?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಮೊದಲು ಮೆಷಿನ್ ನಿಲ್ಲಿಸಿ, ಕಾರಣ ಸಿಗುವವರೆಗೆ ಕೆಲಸಕ್ಕೆ ಹಚ್ಚಬೇಡಿ. ಹೀಗೆ ರೇಸ್ ಏರುವಾಗ ಸ್ವಿಚ್ ಕೈಕೊಟ್ಟರೆ ಚೋಕ್ ಪೂರ್ತಿ ಎಳೆಯಿರಿ, ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಜೊತೆಗಿರುವ ಕೆಲಸಗಾರರಿಗೂ ಇದನ್ನು ಹೇಳಿಕೊಟ್ಟಿರಿ.

ಹೊಸ ಕಾರ್ಬ್ಯುರೇಟರ್ ಹಾಕಿಯೂ ಸರಿಹೋಗಲಿಲ್ಲ ಎಂದರೆ, ಎಂಜಿನ್ ಬೇರೆಲ್ಲಿಂದಲೋ ಗಾಳಿ ಎಳೆಯುತ್ತಿರುವ ಸಾಧ್ಯತೆಯೇ ಹೆಚ್ಚು. ಕಳ್ಳ ದಾರಿಯಿಂದ ಗಾಳಿ ಒಳಹೊಕ್ಕರೆ ಪೆಟ್ರೋಲ್ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಐಡ್ಲಿಂಗ್‌ನಲ್ಲಿ ಒಮ್ಮೆ ಆಫ್ ಆಗುವುದು, ಇನ್ನೊಮ್ಮೆ ಜೋರಾಗಿ ಕೂಗುವುದು ಎರಡಕ್ಕೂ ಇದೇ ಮೂಲ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲ್ ಜೊತೆಯಲ್ಲೇ. ಆದ್ದರಿಂದ ಮಿಶ್ರಣ ತೆಳುವಾದಷ್ಟೂ ಪಿಸ್ಟನ್‌ಗೆ ಆಯಿಲ್ ಕಡಿಮೆ, ಶಾಖ ಹೆಚ್ಚು. ಕೊನೆಗೆ ಸೈಲೆನ್ಸರ್ ಕಡೆಯಲ್ಲಿ ಪಿಸ್ಟನ್ ಗೀರುಬಿದ್ದು ಸೀಜ್ ಆಗುತ್ತದೆ. ಸಣ್ಣ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಸೀಲ್ ಕೆಲಸ ಸಿಲಿಂಡರ್ ಕಿಟ್‌ವರೆಗೆ ಹೋಗುವುದು ಹೀಗೆ.

ಸುಲಭದ್ದರಿಂದ ಶುರು ಮಾಡಿ. ಕವರ್ ತೆಗೆದು ಆಕ್ಸಿಲರೇಟರ್ ಒತ್ತಿ ಬಿಡಿ: ಕಾರ್ಬ್ಯುರೇಟರ್‌ನ ಬಟರ್‌ಫ್ಲೈ (ಗಾಳಿ ದಾರಿ ತೆರೆದು ಮುಚ್ಚುವ ತಟ್ಟೆ) ಐಡ್ಲಿಂಗ್ ಸ್ಕ್ರೂ ತಡೆಯುವಲ್ಲಿವರೆಗೆ ಮುಚ್ಚಬೇಕು. ಲಿವರ್ ಕೆಳಗೆ ಆಯಿಲ್ ಕುಡಿದ ಮರದಪುಡಿ ಗಟ್ಟಿಯಾಗಿ ಕೂತಿದ್ದರೆ, ಅಥವಾ ಸ್ಟಾರ್ಟ್ ಮಾಡುವಾಗ ಅರ್ಧ ರೇಸ್ ಹಿಡಿದಿಡುವ ಲಾಕ್ ಬಿಡದೆ ನಿಂತಿದ್ದರೆ ರೇಸ್ ಇಳಿಯುವುದಿಲ್ಲ. ನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಇಟ್ಟಿಗೆಯಂಥ ಕಂದು ಬಣ್ಣದಲ್ಲಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳು, ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚು. ಹೆಚ್ಚಿನ ಮೆಷಿನ್‌ಗಳಲ್ಲಿ ಪ್ಲಗ್ ಗ್ಯಾಪ್ 0.5 ಮಿ.ಮೀ.

ಟ್ಯಾಂಕ್ ಒಳಗಿನ ಪೆಟ್ರೋಲ್ ಫಿಲ್ಟರನ್ನು ಕೊಕ್ಕೆಯಿಂದ ಹೊರಗೆಳೆದು ಪೈಪನ್ನು ಬಗ್ಗಿಸಿ, ಸ್ವಲ್ಪ ಎಳೆದು ನೋಡಿ. ಹಳೆಯ ಪೈಪು ಟ್ಯಾಂಕ್ ಗೋಡೆ ದಾಟುವ ಜಾಗದಲ್ಲೇ ಸೀಳಿರುತ್ತದೆ, ಮಡಚದಿದ್ದರೆ ಬಿರುಕು ಕಾಣುವುದೇ ಇಲ್ಲ. ಟ್ಯಾಂಕ್ ಮುಚ್ಚಳ ಸಡಿಲಿಸಿದ ಕೂಡಲೇ ಮೆಷಿನ್ ಸರಿಯಾಗಿ ಓಡಿದರೆ ಟ್ಯಾಂಕಿನ ಗಾಳಿ ದ್ವಾರ ಕಟ್ಟಿಕೊಂಡಿದೆ.

ಇಷ್ಟೂ ಸರಿಯಿದ್ದರೆ ಅನುಮಾನ ಮೂರು ಕಡೆ: ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬೂಟ್, ಅದರ ಪಕ್ಕದ ತೆಳ್ಳನೆ ಇಂಪಲ್ಸ್ ಪೈಪ್ (ಎಂಜಿನ್ ಒಳಗಿನ ಒತ್ತಡದ ಏರಿಳಿತವನ್ನು ಕಾರ್ಬ್ಯುರೇಟರ್ ಪಂಪಿಗೆ ಮುಟ್ಟಿಸುವುದು), ಕ್ರ್ಯಾಂಕ್‌ನ ಎರಡು ಬದಿಯ ಆಯಿಲ್ ಸೀಲ್. ನಿಮ್ಮ ಮೆಷಿನ್ ಮಳೆಗಾಲವಿಡೀ ಸುಮ್ಮನೆ ಕೂತಿದ್ದರಿಂದ ರಬ್ಬರ್ ಗಡುಸಾಗಿರುವ ಸಾಧ್ಯತೆ ಇದ್ದೇ ಇದೆ. ಬೂಟನ್ನು ಬೆರಳಿನಿಂದ ಹಿಂಡಿ ನೋಡಿ. ಅದರ ಮಡಿಕೆಯ ಒಳಗಿನ ಸೀಳು ಹೊರಗೆ ಕಾಣದು. ಹೊಸ ಕಾರ್ಬ್ಯುರೇಟರ್ ಕೂರಿಸುವಾಗ ಬೂಟಿನ ಅಂಚು ಮಡಚಿಕೊಂಡಿರಲೂಬಹುದು.

ಸೀಲ್ ಪರೀಕ್ಷೆಗೆ ಒಂದು ಒರಟು ಉಪಾಯವಿದೆ. ಐಡ್ಲಿಂಗ್‌ನಲ್ಲಿ ಚೈನ್ ನಿಂತಿರುವಷ್ಟು ಹೊತ್ತು ಮಾತ್ರ ಮೆಷಿನನ್ನು ಎಡಕ್ಕೆ, ಬಲಕ್ಕೆ, ಬಾರ್ (ಚೈನ್ ಓಡುವ ಪಟ್ಟಿ) ಮೇಲಾಗಿ, ಕೆಳಗಾಗಿ ವಾಲಿಸಿ. ವಾಲಿಸಿದಂತೆ ರೇಸ್ ಬದಲಾದರೆ ಸೀಲ್ ಅಥವಾ ಬೇರಿಂಗ್ ಸವೆದಿದೆ ಎಂದು ಅನುಮಾನಿಸಬೇಕು. ಆಫ್ ಮಾಡಿದ ಮೇಲೆ ಫ್ಲೈವೀಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗೇ ಹೋಗಿದೆ, ಸೀಲ್ ಮಾತ್ರ ಬದಲಿಸಿ ಉಪಯೋಗವಿಲ್ಲ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ನೋಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ, ಬೆಂಕಿ ಹತ್ತುತ್ತದೆ.

ಖಚಿತವಾಗಬೇಕಿದ್ದರೆ ಒತ್ತಡ ಪರೀಕ್ಷೆಯೇ ದಾರಿ. ಸೈಲೆನ್ಸರ್ ಮತ್ತು ಕಾರ್ಬ್ಯುರೇಟರ್ ಬಿಚ್ಚಿ, ಎರಡೂ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿಯಾಗಿ ಮುಚ್ಚಿ. ಇಂಪಲ್ಸ್ ತೂತಿನ ಮೂಲಕ, ಅಥವಾ ಪಿಸ್ಟನ್ ಕೆಳಗಿಳಿಸಿ ಪ್ಲಗ್ ತೂತಿನ ಮೂಲಕ, ಗೇಜ್ ಇರುವ ಕೈಪಂಪಿನಿಂದ ಸುಮಾರು 7 ಪಿಎಸ್‌ಐ ಗಾಳಿ ತುಂಬಿ ಅರ್ಧ ನಿಮಿಷ ಬಿಡಿ. ಮುಳ್ಳು ಇಳಿದರೆ ಸೋಪುನೀರು ಹಚ್ಚಿ, ಗುಳ್ಳೆ ಎದ್ದ ಜಾಗವೇ ತಪ್ಪಿನ ಜಾಗ. ಇಷ್ಟಕ್ಕೇ ನಿಲ್ಲಿಸದೆ ಅಷ್ಟೇ ಪ್ರಮಾಣದ ನಿರ್ವಾತವನ್ನೂ ಎಳೆದು ನೋಡಬೇಕು. ಒಳಗಿನ ಒತ್ತಡ ಸೀಲಿನ ತುಟಿಯನ್ನು ಶಾಫ್ಟ್‌ಗೆ ಒತ್ತಿ ಹಿಡಿಯುತ್ತದೆ, ನಿರ್ವಾತ ಅದನ್ನು ಸಡಿಲಿಸುತ್ತದೆ. ಒತ್ತಡದಲ್ಲಿ ಪಾಸಾದ ಸೀಲ್ ಎಷ್ಟೋ ಸಲ ಇಲ್ಲಿ ಫೇಲ್ ಆಗುತ್ತದೆ. ಕ್ಲಚ್ ಬದಿಯ ಸೀಲ್ ತೆಗೆಯುವಾಗ ನೆನಪಿಡಿ: ಸಾಮಾನ್ಯವಾಗಿ ಕ್ಲಚ್‌ನ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪಿಸ್ಟನ್ ತಡೆಯಲು ಪ್ಲಗ್ ತೂತಿನಲ್ಲಿ ಸ್ಟಾರ್ಟರ್ ಹಗ್ಗ ತುರುಕಿ, ಸ್ಕ್ರೂಡ್ರೈವರ್ ಬೇಡ.

ಸೋರಿಕೆ ನಿಂತ ಮೇಲಷ್ಟೇ ಟ್ಯೂನಿಂಗ್. ಕಾರ್ಬ್ಯುರೇಟರ್ ಮೇಲಿನ ಎಲ್ (ಕಡಿಮೆ ರೇಸ್ ಮಿಶ್ರಣ) ಮತ್ತು ಎಚ್ (ಫುಲ್ ರೇಸ್ ಮಿಶ್ರಣ) ಸ್ಕ್ರೂಗಳನ್ನು ಬಲಕ್ಕೆ ತಿರುಗಿಸಿ ಮೃದುವಾಗಿ ಕೊನೆಗೆ ಮುಟ್ಟಿಸಿ, ತಲಾ ಒಂದು ಸುತ್ತು ಎಡಕ್ಕೆ ತಿರುಗಿಸಿ (ನಿಮ್ಮ ಮಾದರಿಯ ಕೈಪಿಡಿ ಬೇರೆ ಅಳತೆ ಹೇಳಿದರೆ ಅದೇ ಅಂತಿಮ). ಏರ್ ಫಿಲ್ಟರ್ ಸ್ವಚ್ಛಗೊಳಿಸಿ, ಎಂಜಿನ್ ಬಿಸಿಯಾದ ಮೇಲೆ ಎಲ್ ಸ್ಕ್ರೂವಿನಿಂದ ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹುಡುಕಿ, ಅಲ್ಲಿಂದ ಕಾಲು ಸುತ್ತು ಎಡಕ್ಕೆ ಬಿಡಿ. ಆಮೇಲೆ ಐಡ್ಲಿಂಗ್ ಸ್ಕ್ರೂವಿನಿಂದ ಚೈನ್ ನಿಲ್ಲುವಷ್ಟು ಇಳಿಸಿ, ಸುಮಾರು 2,500ರಿಂದ 2,800 ಆರ್‌ಪಿಎಂ. ಕೊನೆಗೆ ಎಚ್: ಫುಲ್ ರೇಸ್ ಕೊಟ್ಟಾಗ ಸ್ವರ ಸ್ವಲ್ಪ ತೊದಲಬೇಕು, ಮರಕ್ಕೆ ಹಚ್ಚಿದೊಡನೆ ತೊದಲು ಹೋಗಿ ಸ್ಪಷ್ಟವಾಗಬೇಕು. ಇಗ್ನಿಷನ್ ಕಾಯಿಲ್‌ನಲ್ಲೇ ರೇಸ್ ಮಿತಿ ಇರುವ ಮೆಷಿನ್‌ಗಳಲ್ಲಿ ಈ ಸ್ವರ ನಂಬುವಂತಿಲ್ಲ, ಟ್ಯಾಕೋಮೀಟರ್ (ಆರ್‌ಪಿಎಂ ಅಳೆಯುವ ಮೀಟರ್) ಬೇಕು.

ಪ್ರಶ್ನೆ: ಪೆಟ್ರೋಲ್‌ಗೆ ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಹೆಚ್ಚು ಹಾಕಿದರೆ ಎಂಜಿನ್‌ಗೆ ಒಳ್ಳೆಯದಲ್ಲವೇ? ಈಗಿನ ಎಥನಾಲ್ ಪೆಟ್ರೋಲ್‌ನಿಂದ ತೊಂದರೆಯುಂಟೇ?
– ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಹೆಚ್ಚು ಆಯಿಲ್ ಒಳ್ಳೆಯದಲ್ಲ. ಕಾರ್ಬ್ಯುರೇಟರ್‌ನ ಅದೇ ಜೆಟ್‌ನಲ್ಲಿ (ಪೆಟ್ರೋಲ್ ಹಾಯುವ ಕಿರುತೂತು) ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ, ಮಿಶ್ರಣ ತೆಳುವಾಗುತ್ತದೆ. ಸಾಲದ್ದಕ್ಕೆ ಸೈಲೆನ್ಸರ್ ಜಾಲರಿಯಲ್ಲಿ ಮಸಿ ಕಟ್ಟುತ್ತದೆ. 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಅಂದಾಜಿನಲ್ಲಿ ಸುರಿಯಬೇಡಿ, ಔಷಧಿಯ ಸಿರಿಂಜ್‌ನಿಂದ ಅಳೆಯಿರಿ. ಡಬ್ಬದ ಮೇಲೆ ಜಾಸೋ ಎಫ್‌ಡಿ (ಟೂ-ಸ್ಟ್ರೋಕ್ ಆಯಿಲ್‌ನ ಜಪಾನ್ ಮಾನದಂಡ) ದರ್ಜೆ ನೋಡಿ ಕೊಳ್ಳಿ. ದೋಣಿ ಎಂಜಿನ್ನಿನ ಆಯಿಲ್ ನೀರಿನಿಂದ ತಂಪಾಗುವ ಎಂಜಿನ್‌ಗೆ ಮಾಡಿದ್ದು, ಇದಕ್ಕೆ ಬೇಡ.

ಬಂಕಿನ ಪೆಟ್ರೋಲ್‌ನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಇರುತ್ತದೆ, ಆದರೆ ಅನೇಕ ಚೈನ್ ಸಾ ಕೈಪಿಡಿಗಳು ಹಾಕಿರುವ ಮಿತಿ ಶೇ. 10. ಎಥನಾಲ್ ಹಳೆಯ ಪೈಪು, ಕಾರ್ಬ್ಯುರೇಟರ್‌ನ ಡಯಾಫ್ರಮ್‌ (ತೆಳು ಪೊರೆ)ಗಳನ್ನು ಕೆಡಿಸುತ್ತದೆ, ಮಲೆನಾಡಿನ ತೇವದಲ್ಲಿ ನೀರನ್ನೂ ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಸಮೇತ ಕ್ಯಾನಿನ ತಳಕ್ಕಿಳಿದು ಬೇರೆ ಪದರವಾಗಿ ನಿಲ್ಲುತ್ತದೆ. ಎರಡು ಮೂರು ವಾರಕ್ಕೆ ಬೇಕಾದಷ್ಟೇ ಕಲಸಿಕೊಳ್ಳಿ. ಮಳೆಗಾಲಕ್ಕೆ ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಐಡ್ಲಿಂಗ್‌ನಲ್ಲಿ ಓಡಿಸಿ.

ಪ್ರಶ್ನೆ: ಐಡ್ಲಿಂಗ್ ಸ್ಥಿರವಾಗಿ, ಮೆತ್ತಗೆ ಇದೆ. ಆದರೂ ಚೈನ್ ತಿರುಗುತ್ತದೆ. ಏಕೆ?
– ಓದುಗರು, ಸೋಮವಾರಪೇಟೆ

ಉತ್ತರ: ಕಾರ್ಬ್ಯುರೇಟರ್ ಮುಟ್ಟಬೇಡಿ. ಕ್ಲಚ್ ಸ್ಪ್ರಿಂಗ್ ತುಂಡಾಗಿದೆ ಅಥವಾ ಹಿಗ್ಗಿದೆ, ಇಲ್ಲವೇ ಡ್ರಮ್ ಒಳಗಿನ ಸೂಜಿ ಬೇರಿಂಗ್ ಗ್ರೀಸ್ ಇಲ್ಲದೆ ಹಿಡಿದುಕೊಂಡಿದೆ. ಸ್ಪ್ರಿಂಗ್‌ಗಳನ್ನು ಒಟ್ಟಿಗೇ ಬದಲಿಸಿ. ಒಂದನ್ನು ಮಾತ್ರ ಹೊಸದಾಗಿ ಹಾಕಿದರೆ ಕ್ಲಚ್ ಶೂಗಳು ಓರೆಯಾಗಿ ಹಿಡಿಯುತ್ತವೆ.