ಇಡಿಟರಾಡ್ ಓಟಕ್ಕೆ ನಾಯಿಗಳನ್ನು ಹೇಗೆ ತಯಾರು ಮಾಡುತ್ತಾರೆ?

ಹಿಮ ಬಿದ್ದ ಮೇಲೆ ತಯಾರಿ ಶುರು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಹಾಗಲ್ಲ. ಇಡಿಟರಾಡ್ ಅಂದರೆ ನಾಯಿಗಳು ಎಳೆಯುವ ಜಾರುಬಂಡಿಗಳ ರೇಸ್, ಅದು ನಡೆಯುವುದು ಮಾರ್ಚ್‌ನಲ್ಲಿ, ಸಾಮಾನ್ಯವಾಗಿ ಅಮೆರಿಕದ ಅಲಾಸ್ಕಾ ರಾಜ್ಯದ ಆಂಕೊರೇಜ್‌ನಿಂದ ನೋಮ್‌ವರೆಗೆ, ಸುಮಾರು 1,600 ಕಿಲೋಮೀಟರ್. ಆದರೆ ಮಶರ್‌ಗಳು, ಅಂದರೆ ಜಾರುಬಂಡಿ ಓಡಿಸುವವರು, ಆಗಸ್ಟ್-ಸೆಪ್ಟೆಂಬರ್‌ನಲ್ಲೇ ತರಬೇತಿ ಆರಂಭಿಸುತ್ತಾರೆ. ಆಗ ಹಿಮ ಇರುವುದಿಲ್ಲ ಅಲ್ವಾ, ಅದಕ್ಕೇ ಬಂಡಿಯ ಬದಲು ಎಟಿವಿ ಅನ್ನುವ ನಾಲ್ಕು ಚಕ್ರದ ಸಣ್ಣ ಮೋಟಾರು ವಾಹನ ಎಳೆಸುತ್ತಾರೆ. ಮೊದಲು ಕೆಲವೇ ಕಿಲೋಮೀಟರ್, ಆಮೇಲೆ ನಿಧಾನವಾಗಿ ದೂರ ಹೆಚ್ಚಿಸುತ್ತಾ ಹೋಗುತ್ತಾರೆ. ಸುಮ್ನೆ ಓಡಿದರೆ ಸಾಲದು, ಹಿಮದ ಮೇಲೆ ಒಣಹುಲ್ಲು ಹಾಸಿದ ತಕ್ಷಣ ಮಲಗಿ ನಿದ್ದೆ ಮಾಡುವುದನ್ನೂ ನಾಯಿ ಕಲಿಯಬೇಕು, ನನ್ನ ಪ್ರಕಾರ ಅದೇ ದೊಡ್ಡ ಪಾಠ, ಯಾಕಂದ್ರೆ ಕೆಲವು ಗಂಟೆ ಓಟ, ಕೆಲವು ಗಂಟೆ ವಿಶ್ರಾಂತಿ ಅನ್ನುವ ಲೆಕ್ಕದಲ್ಲೇ ರೇಸ್ ಸಾಗುವುದು.

ಓಟದ ದಿನಗಳಲ್ಲಿ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕು. ಕೊಬ್ಬು ಜಾಸ್ತಿ ಇರುವ ಮಾಂಸ, ಮೀನು, ಒಣ ಆಹಾರ ಎಲ್ಲವನ್ನೂ ಚೀಲಗಳಿಗೆ ತುಂಬಿ ವಾರಗಳ ಮೊದಲೇ ಕಳಿಸುತ್ತಾರೆ, ಸಣ್ಣ ವಿಮಾನಗಳು ಅವನ್ನು ದಾರಿಯ ಚೆಕ್‌ಪಾಯಿಂಟ್‌ಗಳಿಗೆ ತಲುಪಿಸುತ್ತವೆ. ಪಾದಕ್ಕೆ ಹಾಕುವ ಬಟ್ಟೆಯ ಬೂಟಿಗಳು ಬೇಗ ಹರಿಯುತ್ತವೆ, ಅವೇ ನೂರಾರು ಬೇಕು. ರೇಸಿಗೆ ಮುಂಚೆ ಪ್ರತಿ ನಾಯಿಗೂ ರಕ್ತ ಪರೀಕ್ಷೆ, ಇಸಿಜಿ ಕಡ್ಡಾಯ. ಹೃದಯದಲ್ಲಿ ತೊಂದರೆ ಕಂಡರೆ ಎಷ್ಟೇ ಚೆನ್ನಾಗಿ ಓಡುವ ನಾಯಿಯಾದರೂ ಮನೆಯಲ್ಲೇ ಉಳಿಯಬೇಕು.